ಹಾದಿಯ ಹೂವಿಗೆ ಕಾಲ ತಿಳಿಯುವುದು ಹೇಗೆ?

ಶಹಾಪುರದಿಂದ ಗೋಗಿಗೆ ಹೋಗುವ ಹಾದಿಯಲ್ಲಿ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ನಡೆದು ನೋಡಿರಿ. ಎತ್ತ ನೋಡಿದರೂ ಎರೆಭೂಮಿ. ಹೊಲಗಳಲ್ಲಿ ಹತ್ತಿ, ತೊಗರಿ. ಕಾಲುವೆಯ ನೀರು ಮುಟ್ಟಿದ ಕಡೆ ಬತ್ತ. ಡಾಂಬರಿನ ಅಂಚಿಗೂ ಹೊಲದ ಬದುವಿಗೂ ನಡುವೆ ಕೆಲವೇ ಮಾರು ಅಗಲದ ಪಟ್ಟಿಯೊಂದು ಮಾತ್ರ ಯಾರ ನೇಗಿಲಿಗೂ ಸಿಕ್ಕದೆ ಉಳಿದಿರುತ್ತದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ; ಆದರೂ ಆ ಪಟ್ಟಿಯಲ್ಲಿ ಹೂವಿಗೆ ಬರವಿಲ್ಲ. ತಂಗಡಿಯ ಹಳದಿ, ತುಂಬೆಯ ಬಿಳುಪು, ಅವುಗಳ ನಡುವೆ ನೆಟ್ಟಗೆ ನಿಂತ ಅಣ್ಣೆಯ ಗುಲಾಬಿ ಬಣ್ಣದ ಕದಿರುಗಳು.

ಈ ಅಣ್ಣೆಯ ಗಿಡಗಳನ್ನು ತೋರಿಸಿ ನನ್ನ ವಿದ್ಯಾರ್ಥಿಯೊಬ್ಬನು ಒಮ್ಮೆ ಒಂದು ಪ್ರಶ್ನೆ ಕೇಳಿದನು. ಒಂದು ಗಿಡ ಎದೆಯ ಮಟ್ಟಕ್ಕೆ ಬೆಳೆದಿತ್ತು. ಅದರ ಪಕ್ಕದ್ದು ಗೇಣುದ್ದವೂ ಇರಲಿಲ್ಲ. ಎರಡೂ ಒಂದೇ ವಾರದಲ್ಲಿ ಹೂವಾಗಿದ್ದುವು. “ದೊಡ್ಡದು ಮೃಗಶಿರದ ಮಳೆಗೆ ಹುಟ್ಟಿದ್ದು ಸರ್, ಸಣ್ಣದು ತೀರ ತಡವಾಗಿ ಹುಟ್ಟಿದ್ದು. ಇದಕ್ಕೇನು ಅವಸರ ಬಂದಿತ್ತು?” ಎಂದು ಅವನ ಪ್ರಶ್ನೆ.

ನಾನು ಭೌತಶಾಸ್ತ್ರದ ಅಧ್ಯಾಪಕ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಂತೆ ಅದು ಬೆಳಕು, ಭೂಮಿಯ ಚಲನೆ, ಕಾಲದ ಅಳತೆ ಇವುಗಳ ಪ್ರಶ್ನೆಯೇ ಆಗಿ ಪರಿಣಮಿಸಿತು. ಆದ್ದರಿಂದ ಅದನ್ನು ಇಲ್ಲಿ ವಿವರಿಸಲು ಧೈರ್ಯ ಮಾಡಿದ್ದೇನೆ.

ಹಳೆಯದೊಂದು ಒಗಟು

ಇದೇ ಬಗೆಯ ಒಗಟು ಅಮೆರಿಕದ ಇಬ್ಬರು ವಿಜ್ಞಾನಿಗಳನ್ನು ಸುಮಾರು ನೂರು ವರ್ಷಗಳ ಹಿಂದೆ ಕಾಡಿತ್ತು. ಗಾರ್ನರ್ ಮತ್ತು ಅಲಾರ್ಡ್ ಎಂಬುವರು ವಾಷಿಂಗ್ಟನ್ ನಗರದ ಸಮೀಪದ ಸರಕಾರಿ ಕೃಷಿಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಸೋಯಾ ಅವರೆಯ ಒಂದು ತಳಿಯನ್ನು ಕೆಲವು ದಿನಗಳ ಅಂತರದಲ್ಲಿ ಸಾಲು ಸಾಲಾಗಿ ಬಿತ್ತಿದರೆ, ಮೊದಲು ಬಿತ್ತಿದ್ದು, ಕೊನೆಗೆ ಬಿತ್ತಿದ್ದು ಎಲ್ಲವೂ ಸೆಪ್ಟೆಂಬರ್ ತಿಂಗಳ ಸುಮಾರಿಗೆ ಒಟ್ಟಿಗೆ ಹೂ ಬಿಡುತ್ತಿದ್ದುವು. ಹೊಗೆಸೊಪ್ಪಿನ ಇನ್ನೊಂದು ತಳಿಯಾದರೋ ಬೇಸಗೆಯಲ್ಲಿ ಆಳಿಗಿಂತ ಎತ್ತರ ಬೆಳೆದರೂ ಹೂ ಬಿಡದೆ, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕದಾಗಿದ್ದಾಗಲೇ ಹೂ ಬಿಡುತ್ತಿತ್ತು.

ಶಾಖ, ತೇವ, ಗೊಬ್ಬರ ಒಂದೊಂದನ್ನೂ ಬದಲಿಸಿ ನೋಡಿದರು, ಫಲವಾಗಲಿಲ್ಲ. ಕಡೆಗೆ ಬೇಸಗೆಯ ಉದ್ದವಾದ ಹಗಲಿನಲ್ಲಿ ಕುಂಡಗಳನ್ನು ಸಂಜೆಯಾಗುವ ಮೊದಲೇ ಕತ್ತಲೆಯ ಕೋಣೆಗೆ ಸಾಗಿಸಿ ಬೆಳಗ್ಗೆ ಹೊರಗೆ ತಂದಿಟ್ಟರು. ಕೃತಕವಾಗಿ ಹಗಲನ್ನು ಮೊಟಕು ಮಾಡಿದೊಡನೆ ಗಿಡಗಳು ಹೂ ಬಿಟ್ಟುವು! ಗಿಡಕ್ಕೆ ಮುಖ್ಯವಾದುದು ತನ್ನ ವಯಸ್ಸಲ್ಲ, ದಿನದ ಉದ್ದ ಎಂಬುದನ್ನು ಅವರು 1920ರಲ್ಲಿ ಪ್ರಕಟಿಸಿದರು. ಹಗಲು ಕಿರಿದಾದಾಗ ಹೂ ಬಿಡುವ ಗಿಡಗಳನ್ನು ಹ್ರಸ್ವದಿನ ಸಸ್ಯಗಳೆಂದೂ, ಹಗಲು ಹಿರಿದಾದಾಗ ಹೂ ಬಿಡುವುವನ್ನು ದೀರ್ಘದಿನ ಸಸ್ಯಗಳೆಂದೂ, ಎರಡನ್ನೂ ಲೆಕ್ಕಿಸದವನ್ನು ದಿನತಟಸ್ಥ ಸಸ್ಯಗಳೆಂದೂ ಕರೆಯುವುದು ವಾಡಿಕೆಯಾಯಿತು. ನಮ್ಮ ಅಣ್ಣೆ ಹ್ರಸ್ವದಿನದ ಸ್ವಭಾವದ್ದು. ಜೋಳ, ಎಳ್ಳು, ಗುರೆಳ್ಳು, ಸೇವಂತಿಗೆ ಇವೂ ಅದೇ ಗುಂಪಿನವು.

ಅಳೆಯುವುದು ಹಗಲನ್ನಲ್ಲ, ಇರುಳನ್ನು

1938ರಲ್ಲಿ ಷಿಕಾಗೋದ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಆರಿಸಿಕೊಂಡ ಗಿಡ ಕ್ಸಾಂಥಿಯಂ. ಬಟ್ಟೆಗೂ ದನಗಳ ಬಾಲಕ್ಕೂ ಅಂಟಿಕೊಳ್ಳುವ ಮುಳ್ಳುಕಾಯಿಯ ಈ ಗಿಡವನ್ನು ನಮ್ಮಲ್ಲಿ ಮರುಳುಮತ್ತಿ ಎನ್ನುತ್ತಾರೆ; ಕೆರೆಯ ಅಂಚಿನಲ್ಲಿಯೂ ರಸ್ತೆಯ ಪಕ್ಕದಲ್ಲಿಯೂ ಅದು ಧಾರಾಳವಾಗಿ ಬೆಳೆಯುತ್ತದೆ. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಈ ಗಿಡಕ್ಕೆ ಏನೂ ಆಗಲಿಲ್ಲ. ಆದರೆ ಉದ್ದವಾದ ಇರುಳಿನ ನಡುವೆ ಒಂದು ನಿಮಿಷ ದೀಪ ತೋರಿಸಿದರೆ ಸಾಕು, ಹೂ ಬಿಡುವುದೇ ನಿಂತುಹೋಯಿತು. ಅಂದರೆ ಗಿಡ ಎಣಿಸುತ್ತಿದ್ದುದು ಹಗಲಿನ ಗಂಟೆಗಳನ್ನಲ್ಲ, ಎಡೆಬಿಡದ ಕತ್ತಲೆಯ ಗಂಟೆಗಳನ್ನು. “ಹ್ರಸ್ವದಿನ” ಎಂಬ ಹೆಸರು ರೂಢಿಯಲ್ಲಿ ಉಳಿದುಕೊಂಡಿದೆ. ದೀರ್ಘರಾತ್ರಿ ಎಂದಿದ್ದರೆ ಹೆಚ್ಚು ಸರಿಯಾಗುತ್ತಿತ್ತು.

ಗೋಗಿಯಲ್ಲಿ ಇರುಳು ಎಷ್ಟು ಬೆಳೆಯುತ್ತದೆ?

ವಾಷಿಂಗ್ಟನ್ನಿನಂತಹ ಉತ್ತರದ ಊರುಗಳಲ್ಲಿ ಹಗಲಿರುಳುಗಳ ಏರಿಳಿತ ದೊಡ್ಡದು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಯನ್ನು ಮೀರುತ್ತದೆ. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ನಮ್ಮಲ್ಲಿ ಹಾಗಿಲ್ಲವಷ್ಟೆ. ಎಷ್ಟು ವ್ಯತ್ಯಾಸವಿದೆಯೆಂಬುದನ್ನು ವಾಚಕರು ಹೈಸ್ಕೂಲಿನ ತ್ರಿಕೋಣಮಿತಿಯಿಂದಲೇ ಕಂಡುಕೊಳ್ಳಬಹುದು.

ಗೋಗಿಯ ಅಕ್ಷಾಂಶ ಉತ್ತರಕ್ಕೆ ಸುಮಾರು 16.7 ಡಿಗ್ರಿ. ಇದರ ಟ್ಯಾಂಜೆಂಟ್ 0.300. ಜೂನ್ 21ರಂದು ಸೂರ್ಯನು ವಿಷುವದ್ವೃತ್ತದಿಂದ ಉತ್ತರಕ್ಕೆ 23.4 ಡಿಗ್ರಿ ಸರಿದಿರುತ್ತಾನೆ. ಇದರ ಟ್ಯಾಂಜೆಂಟ್ ಸುಮಾರು 0.433. ಎರಡನ್ನೂ ಗುಣಿಸಿದರೆ 0.130. ಇದಕ್ಕೆ ಋಣಚಿಹ್ನೆ ಸೇರಿಸಿ, ಯಾವ ಕೋನದ ಕೊಸೈನ್ ಅಷ್ಟಾಗುವುದೆಂದು ಕೋಷ್ಟಕದಲ್ಲಿ ನೋಡಿದರೆ 97.5 ಡಿಗ್ರಿ ಸಿಕ್ಕುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಇದು ಆರೂವರೆ ಗಂಟೆಗೆ ಸಮ. ಮಧ್ಯಾಹ್ನದ ಹಿಂದೆ ಅಷ್ಟು, ಮುಂದೆ ಅಷ್ಟು. ಒಟ್ಟು ಹಗಲು 13 ಗಂಟೆ. ವಾಯುಮಂಡಲವು ಕಿರಣಗಳನ್ನು ಬಾಗಿಸುವುದರಿಂದಲೂ, ಸೂರ್ಯನ ಮೇಲಂಚು ಕಂಡೊಡನೆಯೇ ಉದಯವೆಂದು ನಾವು ಎಣಿಸುವುದರಿಂದಲೂ ಇನ್ನು ಏಳೆಂಟು ನಿಮಿಷ ಸೇರುತ್ತದೆ. ಡಿಸೆಂಬರಿನಲ್ಲಿ ಇದೇ ಲೆಕ್ಕವನ್ನು ತಿರುವುಮುರುವಾಗಿ ಮಾಡಿದರೆ ಹಗಲು 11 ಗಂಟೆ 8 ನಿಮಿಷದ ಸುಮಾರು. ವರ್ಷವಿಡೀ ಸೇರಿದರೂ ವ್ಯತ್ಯಾಸ ಎರಡೇ ಗಂಟೆ. ದಿನಕ್ಕೆ ಹೆಚ್ಚೆಂದರೆ ಒಂದು ನಿಮಿಷ!

ಇಷ್ಟು ಸಣ್ಣ ವ್ಯತ್ಯಾಸವನ್ನು ಗಿಡವು ಗುರುತಿಸಬಲ್ಲುದೆ? ಬಲ್ಲುದು. ಉಷ್ಣವಲಯದ ಕೆಲವು ಬತ್ತದ ತಳಿಗಳು ಕಾಲು ಗಂಟೆಗಿಂತ ಕಡಮೆ ವ್ಯತ್ಯಾಸಕ್ಕೂ ಹೂ ಬಿಡುವ ಕಾಲವನ್ನು ಬದಲಿಸಿಕೊಳ್ಳುತ್ತವೆ. ಮೃಗಶಿರದ ಮಳೆ ಹುಟ್ಟುವ ಜೂನ್ 8ರ ಸುಮಾರಿಗೆ ಗೋಗಿಯ ಇರುಳು 10 ಗಂಟೆ 54 ನಿಮಿಷ. ಉತ್ತರೆ ಹುಟ್ಟುವ ಸೆಪ್ಟೆಂಬರ್ 13ರ ಸುಮಾರಿಗೆ 11 ಗಂಟೆ 44 ನಿಮಿಷ. ಸ್ವಾತಿ ಹುಟ್ಟುವ ಅಕ್ಟೋಬರ್ 24ರ ಸುಮಾರಿಗೆ 12 ಗಂಟೆ 22 ನಿಮಿಷ. ಮಳೆಗಾಲದ ಮೊದಲಿಗೂ ಕೊನೆಗೂ ಸುಮಾರು ಒಂದೂವರೆ ಗಂಟೆಯ ಅಂತರವಿದೆ. ಗಿಡಕ್ಕೆ ಇದು ಬೇಕಾದಷ್ಟಾಯಿತು.

ಇಲ್ಲಿ ಒಂದು ಸೊಗಸಾದ ಸಂಗತಿಯನ್ನು ಗಮನಿಸಬೇಕು. ನಮ್ಮ ಹಬ್ಬಗಳು ಚಂದ್ರನ ತಿಥಿಯನ್ನು ಅನುಸರಿಸುವುದರಿಂದ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ರೈತನ ಮಳೆನಕ್ಷತ್ರಗಳಾದರೋ ಸೂರ್ಯನು ಯಾವ ನಕ್ಷತ್ರದಲ್ಲಿದ್ದಾನೆಂಬುದನ್ನು ಹೇಳುತ್ತವೆ. ಒಂದೊಂದಕ್ಕೆ ಹದಿಮೂರೂವರೆ ದಿನದಂತೆ 27 ನಕ್ಷತ್ರಗಳಿಗೆ ಒಂದು ವರ್ಷ. ಅಯನಚಲನದಿಂದ ಸುಮಾರು 72 ವರ್ಷಗಳಿಗೊಮ್ಮೆ ಒಂದು ದಿನದಷ್ಟು ಸರಿಯುವುದನ್ನು ಬಿಟ್ಟರೆ ಅವುಗಳ ತಾರೀಖು ಬದಲಾಗದು. ಆದ್ದರಿಂದ ಒಂದೊಂದು ಮಳೆನಕ್ಷತ್ರಕ್ಕೂ ಒಂದು ನಿಶ್ಚಿತವಾದ ಇರುಳಿನ ಉದ್ದ ಇದ್ದೇ ಇರುತ್ತದೆ. ಹೊಲದ ರೈತನೂ ಹಾದಿಯ ಹೂವೂ ನಂಬಿರುವ ಪಂಚಾಂಗ ಒಂದೇ, ಸೂರ್ಯನದು.

ಎಲೆಯೊಳಗಿನ ಕಣ್ಣು, ಎಲೆಯೊಳಗಿನ ಗಡಿಯಾರ

ಕತ್ತಲೆಯಾಯಿತೆಂದು ತಿಳಿಯುವುದಕ್ಕೆ ಗಿಡಕ್ಕೆ ಕಣ್ಣೆಲ್ಲಿ? ಎಲೆಯಲ್ಲಿದೆ. ಅದೊಂದು ವರ್ಣದ್ರವ್ಯ, ಹೆಸರು ಫೈಟೋಕ್ರೋಮ್. 1952ರಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಇದರ ವಿಚಿತ್ರ ನಡತೆಯನ್ನು ತೋರಿಸಿಕೊಟ್ಟರು. 1959ರಲ್ಲಿ ಈ ದ್ರವ್ಯವನ್ನೇ ಉಪಕರಣದಿಂದ ಗುರುತಿಸಲಾಯಿತು. ಇದಕ್ಕೆ ಎರಡು ರೂಪಗಳುಂಟು. ಒಂದು ರೂಪವು 660 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಹೀರಿ ಎರಡನೆಯದಾಗಿ ಮಾರ್ಪಡುತ್ತದೆ. ಎರಡನೆಯದು ಕಣ್ಣಿಗೆ ಕಷ್ಟದಿಂದ ಕಾಣುವ, 730 ನ್ಯಾನೊಮೀಟರಿನ ಕಡುಗೆಂಪನ್ನು ಹೀರಿ ಮೊದಲಿನ ರೂಪಕ್ಕೆ ಮರಳುತ್ತದೆ. ಕೆಂಪಿನ ಒಂದು ಫೋಟಾನಿನ ಶಕ್ತಿ 1.88 ಎಲೆಕ್ಟ್ರಾನ್ ವೋಲ್ಟ್, ಕಡುಗೆಂಪಿನದು 1.70. ಇಷ್ಟೇ ಅಂತರವು ಗಿಡದ ಪಾಲಿಗೆ ಗುಂಡಿಯನ್ನು ಒತ್ತಿದಂತೆಯೂ ಬಿಟ್ಟಂತೆಯೂ ಆಗುತ್ತದೆ. ಹಗಲೆಲ್ಲ ಎರಡನೆಯ ರೂಪವು ಸಾಕಷ್ಟು ಇರುತ್ತದೆ; ಇರುಳಿನಲ್ಲಿ ಅದು ಮೆಲ್ಲಮೆಲ್ಲನೆ ಇಳಿಯುತ್ತದೆ.

ಮರಳುಗಡಿಯಾರದ ಮರಳಿನಂತೆ ಈ ಇಳಿತವೇ ಇರುಳನ್ನು ಅಳೆಯುತ್ತದೆಂದು ಮೊದಲು ಭಾವಿಸಿದ್ದರು. ಈಗ ತಿಳಿದಿರುವುದು ಅದಕ್ಕಿಂತ ಸ್ವಾರಸ್ಯವಾದುದು. ಗಿಡದ ಒಳಗೆ ಸುಮಾರು 24 ಗಂಟೆಗೆ ಒಂದು ಸುತ್ತು ಬರುವ ಗಡಿಯಾರವೇ ಇದೆ. ಇದರ ಮೊದಲ ಸುಳಿವನ್ನು 1729ರಲ್ಲಿ ಕೊಟ್ಟವನು ದ ಮೆರಾನ್ ಎಂಬ ಫ್ರಾನ್ಸಿನ ಖಗೋಳವಿಜ್ಞಾನಿ. ನಾಚಿಕೆಗಿಡವೊಂದನ್ನು ಕತ್ತಲೆಯಲ್ಲಿಟ್ಟರೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತಿದ್ದುದನ್ನು ಅವನು ಕಂಡನು. ಈ ಒಳಗಡಿಯಾರದ ಒಂದು ನಿಶ್ಚಿತ ಗಳಿಗೆಯಲ್ಲಿ ಹೊರಗೆ ಬೆಳಕಿದೆಯೋ ಕತ್ತಲೆಯಿದೆಯೋ ಎಂಬುದನ್ನು ಗಿಡ ನೋಡಿಕೊಳ್ಳುತ್ತದೆ. ಸೋಯಾ ಅವರೆಯಂತಹ ಗಿಡಗಳಲ್ಲಿ ಆ ಗಳಿಗೆ ಕತ್ತಲೆಯೊಳಗೆ ಬಿದ್ದರೆ ಎಲೆಯಲ್ಲಿ ಒಂದು ಪ್ರೋಟೀನು ಹುಟ್ಟಿ ಕಾಂಡದ ಮೂಲಕ ಕುಡಿಗೆ ಹರಿಯುತ್ತದೆ. ಕುಡಿಯು ಎಲೆ ಮಾಡುವುದನ್ನು ನಿಲ್ಲಿಸಿ ಹೂ ಮಾಡತೊಡಗುತ್ತದೆ. ಇಂತಹ ದೂತನೊಬ್ಬನು ಇರಲೇಬೇಕೆಂದು ರಷ್ಯದ ಚೈಲಖ್ಯಾನ್ 1930ರ ದಶಕದಲ್ಲಿಯೇ ಹೇಳಿದ್ದನು; ಆ ದೂತನು ಯಾರೆಂಬುದು 2007ರಲ್ಲಿ ಖಚಿತವಾಯಿತು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿದ್ಧವಾಯಿತು. ಎರಡು ಅಣ್ಣೆಗಳ ವಯಸ್ಸು ಬೇರೆ. ಅವು ಕಂಡ ಇರುಳು ಒಂದೇ. ಸಣ್ಣ ಗಿಡದ ಅವಸರವು ಬುದ್ಧಿವಂತಿಕೆಯ ಅವಸರ. ಮಳೆ ತಡವಾಗಿ ಬರಬಹುದು, ಬೇಗ ನಿಲ್ಲಬಹುದು. ಇರುಳು ಮಾತ್ರ ತಪ್ಪುವುದಿಲ್ಲ. ಎರೆಯ ನೆಲ ಒಣಗಿ ಬಿರಿಯುವ ಮೊದಲು ನಾಲ್ಕು ಬೀಜವನ್ನಾದರೂ ಉದುರಿಸಬೇಕಾದರೆ, ಗಾತ್ರ ನೋಡದೆ ಹೂ ಬಿಡುವುದೇ ಲೇಸು.

ಹಾದಿಯ ವರ್ಷ

ಎಲ್ಲ ಹೂಗಳೂ ಇರುಳನ್ನೇ ನಂಬಿವೆಯೆಂದು ತಿಳಿಯಬಾರದು. ಕೆಲವು ತೇವವನ್ನು ನಂಬುತ್ತವೆ, ಕೆಲವು ಆಳಕ್ಕೆ ಇಳಿದ ತಮ್ಮ ಬೇರನ್ನು ನಂಬುತ್ತವೆ. ಈ ಹಲವು ಬಗೆಯ ನಂಬಿಕೆಗಳಿಂದಲೇ ಹಾದಿಯ ಬದಿಯಲ್ಲಿ ಒಂದಾದ ಮೇಲೊಂದು ಹೂವಿನ ಸರದಿ ಬರುತ್ತದೆ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ನೆಲಕ್ಕೆ ಅಂಟಿ ಹರಡುವ ನೆಗ್ಗಿಲು ಐದೆಸಳಿನ ಹಳದಿ ಹೂವನ್ನು ಬಿಡುತ್ತದೆ. ಅದರ ಮುಳ್ಳು ಮುಂದೆ ಬರಿಗಾಲಿನವರಿಗೆ ತಿಳಿಯುತ್ತದೆ. ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂಗಳು ಹುಲ್ಲಿನ ನಡುವೆ ಇಣುಕುತ್ತವೆ. ಶ್ರಾವಣ ಭಾದ್ರಪದಗಳಲ್ಲಿ ತುಂಬೆ ಬೆಳ್ಳಗಾಗುತ್ತದೆ. ಮಳೆ ಮುಗಿಯುತ್ತ ಬಂದಂತೆ ತಂಗಡಿಯೂ ಅಣ್ಣೆಯೂ ಹಾದಿಯನ್ನು ಆಳುತ್ತವೆ. ಜಿಲ್ಲೆಯ ಪೂರ್ವದ ಗಡಿಯನ್ನು ದಾಟಿ ತೆಲಂಗಾಣಕ್ಕೆ ಹೋದರೆ ಇವೇ ಎರಡು ತಂಗೇಡು, ಗುನುಗು ಎಂಬ ಹೆಸರಿನಿಂದ ಬತುಕಮ್ಮ ಹಬ್ಬದ ಹೂಗೋಪುರದಲ್ಲಿ ಕುಳಿತಿರುತ್ತವೆ. ಮಹಾಲಯದಿಂದ ತೊಡಗಿ ಒಂಬತ್ತು ದಿನ ನಡೆಯುವ ಆ ಹಬ್ಬಕ್ಕೆ ಹೂವನ್ನು ತೋಟದಿಂದ ತರಬೇಕಾಗಿಲ್ಲ, ಬಯಲೇ ಒದಗಿಸುತ್ತದೆ. ತಂಗೇಡು ಈಗ ಆ ರಾಜ್ಯದ ಹೂವೇ ಆಗಿದೆ.

ಚಳಿ ಬಿದ್ದ ಮೇಲೆ ಮುಳ್ಳುಗೋರಂಟೆಯ ಕೇಸರಿ ಬೆರೆತ ಹಳದಿಯೂ, ಚೆಂಡಿನಂತೆ ದುಂಡಾದ ಬ್ರಹ್ಮದಂಡೆಯ ಹೂಗುಚ್ಛವೂ ಕಾಣಿಸುತ್ತವೆ. ಸುಗ್ಗಿ ಮುಗಿಯುವ ವೇಳೆಗೆ ಬೂದಿಬಣ್ಣದ ಮುಳ್ಳೆಲೆಗಳ ನಡುವೆ ಹಳದಿ ದತ್ತೂರಿ ಅರಳುತ್ತದೆ. ಇದು ನೋಡಲು ಚೆಂದ. ಆದರೆ ಇದರ ಬೀಜ ಸಾಸಿವೆಯೊಡನೆ ಬೆರೆತರೆ ಎಣ್ಣೆ ವಿಷವಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಹಲವರು ಪ್ರಾಣ ಕಳೆದುಕೊಂಡದ್ದು ಇದರಿಂದಲೇ. ಬೇಸಗೆಯಲ್ಲಿ ಎರೆ ಬಿರಿದು ಸೀಳು ಬಿಟ್ಟಾಗ ಸಣ್ಣ ಗಿಡಗಳೆಲ್ಲ ಬೀಜವಾಗಿ ಮಣ್ಣಿನಲ್ಲಿ ಮಲಗಿರುತ್ತವೆ. ಆಗ ಎಕ್ಕೆ ಒಂದೇ ತನ್ನ ಆಳದ ಬೇರಿನ ಬಲದಿಂದ ಹೂ ಹಿಡಿದು ನಿಂತಿರುತ್ತದೆ.

ಕಾಲವನ್ನು ಕೇಳದ ಗಿಡ

ಈ ಸರದಿಗೆ ಈಗ ಅಪಾಯ ಬಂದಿದೆ. ಅಪಾಯವೂ ಹೂವಿನ ರೂಪದಲ್ಲಿಯೇ ಬಂದಿದೆ. ನಮ್ಮ ಜನ ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದ್ದು. 1950ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಿದರು. ಅಲ್ಲಿಂದ ರಸ್ತೆ, ರೈಲುದಾರಿಗಳನ್ನೇ ಹಿಡಿದು ಅದು ದೇಶವನ್ನೆಲ್ಲ ಸುತ್ತಿತು. ಒಂದೇ ಗಿಡವು ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಅದನ್ನು ಮುಟ್ಟಿದವರಲ್ಲಿ ಕೆಲವರಿಗೆ ಚರ್ಮದ ಉರಿ, ಉಬ್ಬಸ ಬರುವುದು ಎಲ್ಲರೂ ಬಲ್ಲ ಸಂಗತಿ.

ಆದರೆ ಅದರ ಗೆಲುವಿನ ಒಂದು ಗುಟ್ಟು ನಾವು ಇದುವರೆಗೆ ನೋಡಿದ ವಿಷಯದಲ್ಲಿಯೇ ಇದೆ. ಪಾರ್ಥೇನಿಯಂ ದಿನತಟಸ್ಥ ಸಸ್ಯ. ಅದು ಇರುಳನ್ನು ಅಳೆಯುವುದಿಲ್ಲ. ತೇವವಿದ್ದರೆ ಯಾವ ತಿಂಗಳಾದರೂ ಮೊಳೆಯುತ್ತದೆ, ಮೊಳೆತ ಕೆಲವೇ ವಾರಗಳಲ್ಲಿ ಹೂ ಬಿಡುತ್ತದೆ. ಹಿಂದೆ ನಮ್ಮ ಸೀಮೆಯ ಬೇಸಗೆಯ ಒಣನೆಲವೇ ಇಂತಹ ಗಿಡಕ್ಕೆ ತಡೆಯಾಗಬಹುದಾಗಿತ್ತು. ಕೃಷ್ಣೆಗೆ ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಈ ಭಾಗಕ್ಕೆ ನೀರು ತಂದಿತು. ಕಾಲುವೆಯಿಂದ ರೈತನ ಬಾಳು ಹಸನಾಯಿತು; ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಬಸಿಯುವ ನೀರಿನಿಂದ ಹಾದಿಯಂಚಿನ ಚರಂಡಿಗಳು ಮಳೆಯಿಲ್ಲದ ತಿಂಗಳುಗಳಲ್ಲಿಯೂ ಹಸಿಯಾಗಿ ಉಳಿದಲ್ಲಿ, ಕಾಲವನ್ನು ಕೇಳದ ಗಿಡಕ್ಕೆ ವರ್ಷವೆಲ್ಲ ಸುಗ್ಗಿಯಾಯಿತು. ಅಣ್ಣೆಯೂ ತುಂಬೆಯೂ ತಮ್ಮ ಕಾಲಕ್ಕಾಗಿ ಕಾಯುತ್ತಿರುವಾಗ ಅವುಗಳ ನೆಲವನ್ನು ಅದು ಆಗಲೇ ತುಂಬಿಕೊಂಡಿರುತ್ತದೆ.

ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ಎಲೆಗಳನ್ನು ಚೆನ್ನಾಗಿಯೇ ಮೇಯುತ್ತದೆ. ಆದರೆ ಮಳೆ ಮುಗಿದ ಮೇಲೆ ಮಣ್ಣಿನೊಳಗೆ ಹೊಕ್ಕು ಮುಂದಿನ ಮುಂಗಾರಿನವರೆಗೆ ನಿದ್ರಿಸುತ್ತದೆ. ಹುಳು ಕಾಲವನ್ನು ಪಾಲಿಸುತ್ತದೆ, ಗಿಡ ಪಾಲಿಸುವುದಿಲ್ಲ!

ಎರಡನೆಯ ತೊಂದರೆ ದೀಪದ್ದು. ತಿಂಗಳ ಬೆಳಕು ಹುಣ್ಣಿಮೆಯಲ್ಲಿಯೂ ಒಂದು ಲಕ್ಸಿನ ಮೂರನೆಯ ಒಂದು ಪಾಲನ್ನು ಮೀರುವುದು ಅಪರೂಪ. ಗಿಡಗಳ ಗಡಿಯಾರ ಅದಕ್ಕೆ ಹೆಚ್ಚು ಕೆಡುವುದಿಲ್ಲ. ಬೀದಿದೀಪದ ಕೆಳಗೆ ಅದರ ಹತ್ತಾರು ಪಟ್ಟು ಬೆಳಕಿರುತ್ತದೆ. ಇದು ಏನು ಮಾಡಬಲ್ಲುದೆಂಬುದನ್ನು ಸೇವಂತಿಗೆಯ ಬೆಳೆಗಾರರು ಚೆನ್ನಾಗಿ ಬಲ್ಲರು. ಹೂ ಬೇಗ ಬಾರದಂತೆ ತಡೆಯಲು ಅವರಲ್ಲಿ ಕೆಲವರು ರಾತ್ರಿ ತೋಟದಲ್ಲಿ ಸಾಲುಸಾಲಾಗಿ ವಿದ್ಯುದ್ದೀಪಗಳನ್ನು ಉರಿಸುತ್ತಾರೆ. ತೋಟದಲ್ಲಿ ಬೇಕೆಂದೇ ಮಾಡುವುದು ಹಾದಿಯಲ್ಲಿ ತಿಳಿಯದೆ ನಡೆಯಬಹುದು.

ನೀವು ಮಾಡಬಹುದಾದ ಪ್ರಯೋಗ

ಇದನ್ನು ಪರೀಕ್ಷಿಸುವುದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ನಿಮ್ಮ ಊರಿನ ಹಾದಿಯಲ್ಲಿ ನೂರು ಹೆಜ್ಜೆಯಷ್ಟು ಜಾಗವನ್ನು ಗುರುತು ಮಾಡಿಕೊಳ್ಳಿರಿ. ವಾರಕ್ಕೊಮ್ಮೆ ನಡೆದು, ಯಾವ ಗಿಡದಲ್ಲಿ ಮೊದಲ ಹೂ ಕಂಡಿತೆಂಬುದನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆಯಿರಿ. ಪಂಚಾಂಗದಿಂದ ಅಂದಿನ ಸೂರ್ಯೋದಯ, ಸೂರ್ಯಾಸ್ತಗಳನ್ನು ನೋಡಿ ಇರುಳಿನ ಉದ್ದವನ್ನು ಪಕ್ಕದಲ್ಲಿ ಬರೆಯಿರಿ. ಮಳೆ ಬಿದ್ದ ದಿನಗಳನ್ನೂ ಗುರುತಿಸಿರಿ. ಎರಡು ಮೂರು ವರ್ಷ ಹೀಗೆ ಮಾಡಿದರೆ, ಮಳೆ ಹಿಂದುಮುಂದಾದರೂ ಯಾವ ಹೂವಿನ ತಾರೀಖು ಕದಲುವುದಿಲ್ಲವೋ ಅದು ಇರುಳನ್ನು ನಂಬಿದ್ದೆಂದು ಊಹಿಸಬಹುದು. ಬೀದಿದೀಪದ ಅಡಿಯ ಅಣ್ಣೆಯೊಂದನ್ನೂ ಐವತ್ತು ಹೆಜ್ಜೆ ಆಚೆ ಕತ್ತಲೆಯಲ್ಲಿರುವ ಇನ್ನೊಂದನ್ನೂ ಹೋಲಿಸಿರಿ. ಪಾರ್ಥೇನಿಯಮ್ಮನ್ನು ಬರಿಗೈಯಿಂದ ಕೀಳಬೇಡಿರಿ; ದತ್ತೂರಿಯ ಬೀಜವನ್ನು ಬಾಯಿಗೆ ಹಾಕಬೇಡಿರಿ.

ಇಂತಹ ಬರವಣಿಗೆ ಕ್ಷುಲ್ಲಕವೆಂದು ತಿಳಿಯಬೇಡಿರಿ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂ ಅರಳಿದ ದಿನಗಳನ್ನು ಒಂಬತ್ತನೆಯ ಶತಮಾನದಿಂದ ಬರೆದಿಟ್ಟುಕೊಂಡು ಬಂದಿದ್ದಾರೆ. 2021ರಲ್ಲಿ ಮಾರ್ಚ್ 26ರಂದು ಹೂ ತುಂಬಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳಲ್ಲಿ ಅಷ್ಟು ಬೇಗ ಅರಳಿದ್ದಿಲ್ಲವೆಂದು ಅವರು ಹೇಳಬಲ್ಲವರಾದರು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಅದೂ ಒಂದು ಸಾಕ್ಷಿಯಾಯಿತು. ಬರೆದವರು ರಾಜಾಸ್ಥಾನದ ಅಧಿಕಾರಿಗಳು, ಸಂನ್ಯಾಸಿಗಳು, ದಿನಚರಿ ಬರೆಯುವ ಹವ್ಯಾಸದ ಸಾಮಾನ್ಯರು. ನಮ್ಮ ಮಳೆ ಮುಂದೆ ಹೇಗೆ ಸರಿದರೂ ಇರುಳು ಸರಿಯದು. ಮಳೆಯ ಕಾಲವೂ ಇರುಳಿನ ಕಾಲವೂ ಒಂದನ್ನೊಂದು ಬಿಟ್ಟು ದೂರವಾದರೆ, ಆ ತೊಡಕಿಗೆ ಮೊದಲು ಸಿಕ್ಕುವುದು ಹಾದಿಬದಿಯ ಈ ಗಿಡಗಳು. ಅದನ್ನು ಮೊದಲು ಕಾಣುವವರು ದಿನವೂ ಅದೇ ಹಾದಿಯಲ್ಲಿ ಶಾಲೆಗೆ ನಡೆಯುವ ನೀವು.

ಆ ವಿದ್ಯಾರ್ಥಿಗೆ ನಾನು ಉತ್ತರ ಹೇಳಿದ ಮೇಲೆ ಅವನು ಸಣ್ಣ ಅಣ್ಣೆಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟು, ತನ್ನ ನೋಟ್‌ಪುಸ್ತಕದಲ್ಲಿ ತಾರೀಖು ಬರೆದುಕೊಂಡನು. ಮುಂದಿನ ವರ್ಷದ ತಾರೀಖನ್ನು ಅದರ ಕೆಳಗೆ ಬರೆಯಲು ಒಂದು ಸಾಲು ಖಾಲಿ ಬಿಟ್ಟಿದ್ದನು.